ಸಾಯುವುದಿಲ್ಲವೆಂದು ಗೊತ್ತಿದ್ದ ಕ್ಯಾಪ್ಟನ್

ರೂಸೆ ಪಟ್ಟಣದಲ್ಲಿ ಸಿನಿಮಾ ಟಿಕೆಟ್ ಸಾಲಿನಲ್ಲಿ ನಿಂತಿದ್ದ ದರ್ಜಿ ಬಿಲ್ಯಾನಾಳ ಕಿವಿ, ಮುಂದಿದ್ದ ಅಜ್ಜಿ–ಮೊಮ್ಮಗಳ ಮಾತಿನತ್ತ ಹೊರಳಿತು.

"ಹಿಂದಿನ ಸಿನಿಮಾದಲ್ಲಿ ಈ ಕ್ಯಾಪ್ಟನ್‌ಗೆ ಮುಪ್ಪಾಗಿತ್ತಲ್ಲ ಅಜ್ಜಿ. ಇದು ಅವನ ಹರೆಯದ ಕಥೆ. ಇದ್ರಲ್ಲಿ ಅವನು ಸಾಯಲ್ಲ ಅಂತ ನಮ್ಗೆ ಮೊದ್ಲೇ ಗೊತ್ತಿದ್ಮೇಲೆ ಭಯ ಎಲ್ಲಿಂದ ಬರ್ಬೇಕು?"

"ನಿಮ್ಮ ತಾತ ಸೈನ್ಯದಿಂದ ವಾಪಸ್ ಬಂದ್ರು, ನನ್ನನ್ನೇ ಕಟ್ಕೊಂಡ್ರು. ಆದ್ರೂ ಅಲ್ಲಿಂದ ನಂಗೆ ಬರೆದ ಕಾಗದ ಓದೋವಾಗ ಈಗ್ಲೂ ಎದೆ ಢವಢವ ಅನ್ನುತ್ತೆ ಕಣೇ."

"ಗುಂಡು ಬೀಳುತ್ತೆ ಅಂತಾನಾ?"

"ಗುಂಡಲ್ಲ, ರೊಸಿತ್ಸಾ! ಅಲ್ಲಿನ ಅಡುಗೆಯವಳು. ಪ್ರತಿ ಕಾಗದದಲ್ಲೂ ಅವಳ ಕಾಳಿನ ಸಾರಿನ ಹೊಗಳಿಕೆ. ಈ ಸಲ ಅವಳನ್ನೇ ಮದ್ವೆ ಆಗ್ಬಿಡ್ತಾರೇನೋ ಅನ್ಸುತ್ತೆ."

ಬಿಲ್ಯಾನಾ ಕಷ್ಟಪಟ್ಟು ನಗು ತಡೆದಳು.

"ಹಾಗಾಗಿದ್ರೆ ನಾನೇ ಇರ್ತಿರ್ಲಿಲ್ಲ!" ಎಂದಳು ಮೊಮ್ಮಗಳು.

"ನೋಡು, ಈಗ ನಿಂಗೂ ಭಯ ಆಯ್ತು."

ಬಾಗಿಲು ತೆರೆಯಿತು. ಮೊಮ್ಮಗಳು ಅಜ್ಜಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು ಒಳಗೆ ಹೋದಳು.