ಮುಚ್ಚಳ ತೆಗೆಯುವ ಮೊದಲು

…ಅಯ್ಯೋ, ಅದನ್ನೂ ಬರ್ಕೊಂಡ್ಯಾ? "ಏಳು ಈರುಳ್ಳಿ ಹೆಚ್ಚಿ ಕಣ್ಣು ಒರೆಸಿಕೊಳ್ಳುವುದು"! ಕಣ್ಣು ಒರೆಸಿಕೊಂಡಿದ್ದು ಅಡುಗೆಯ ಭಾಗ ಅಲ್ಲ ಕಣೇ, ಅದು ನನ್ನ ಹಣೆಬರಹ. ಹೊಡೆದು ಹಾಕು ಅದನ್ನ. ನೋಡು, ನಗ್ತಾಳೆ! ನೀರು ಪರೀಕ್ಷೆ ಮಾಡೋ ಲ್ಯಾಬಿನವಳನ್ನ ಓರಗಿತ್ತಿ ಅಂತ ಮನೆಗೆ ಕರ್ಕೊಂಡ್ರೆ ಹೀಗೇ ಆಗೋದು. ಊರಿನ ನಲ್ಲಿ ನೀರನ್ನೆಲ್ಲ ಬಾಟಲಿಗೆ ತುಂಬಿ ಚೀಟಿ ಅಂಟಿಸಿದ್ದು ಸಾಲದು ಅಂತ, ಈಗ ನನ್ನ ಕೈರುಚಿಗೂ ಚೀಟಿ ಅಂಟಿಸೋಕೆ ಬಂದಿದ್ದೀಯ.

ಹೂಂ, ಬಾ, ಈ ಕಡೆ ಕೂತ್ಕೋ. ನಾಲ್ಕು ಗಂಟೆ ಆಯ್ತು, ಆರಕ್ಕೆ ಹನ್ನೊಂದು ಬಾಯಿ ಬಾಗಿಲಲ್ಲಿ ನಿಂತಿರುತ್ತವೆ. ವರ್ಷಕ್ಕೊಂದು ಸಲ ಎಲ್ಲರಿಗೂ ಒಟ್ಟಿಗೆ ರಜೆ ಸಿಗೋದು, ಆವತ್ತೇ ಎಲ್ಲರಿಗೂ ಹನ್ನೆರಡು ತಿಂಗಳ ಹಸಿವು! ಅಯ್ಯೋ, ಆ ಹೊಸ ಬಟ್ಟೆ… ತಗೋ, ನನ್ನ ಏಪ್ರನ್ನೇ ಕಟ್ಕೋ. ನನಗೆ ಬೇಡ, ಈ ಸೀರೆಗೆ ಇನ್ನು ಯಾವ ಕಲೆಯ ಹೆದರಿಕೆಯೂ ಇಲ್ಲ.

ಏನು ನೋಡ್ತಿದ್ದೀಯ? ತಕ್ಕಡಿನಾ? ಅದು… ನಿನಗೋಸ್ಕರ ತಂದಿದ್ದು. ನೀನು ಗ್ರಾಮಿನ ಲೆಕ್ಕ ಕೇಳೋಳಲ್ವಾ? ನಾನು ಒಂದು ಹಿಡಿ ಅಂದ್ರೆ "ಅಕ್ಕ, ಯಾರ ಹಿಡಿ?" ಅಂತೀಯ. ಹೋದ ವಾರವೇ ತಂದೆ. ಹ್ಞಾಂ? ಗುಂಡಿಗಳ ಮೇಲಿನ ಅಕ್ಷರ ಅಳಿಸಿ ಹೋಗಿದೆಯಾ? ಅಗ್ಗದ ಮಾಲು ಕಣೇ, ಅದಕ್ಕೆ! ಈ ಕಾಲದ ವಸ್ತು ಯಾವುದು ಬಾಳಿಕೆ ಬರುತ್ತೆ ಹೇಳು.

ಇರಲಿ, ಈಗ ನಿನಗೆ ಪರೀಕ್ಷೆ. ಚಮಚ ತಗೋ. ಆ ಕೋಳಿ ಪಾತ್ರೆಯಿಂದ ಒಂದು ಚೂರು ರಸ… ಊದ್ಕೊಂಡು, ಊದ್ಕೊಂಡು! ಹೂಂ. ಏನು? ಮುಖ ಯಾಕೆ ಹಾಗೆ? ಉಪ್ಪು ಜಾಸ್ತಿನಾ? ಅಲ್ವಾ? ಕಡಿಮೆ. ಭಲೇ! ಬೇಕಂತಲೇ ಕಡಿಮೆ ಹಾಕಿದ್ದೆ, ಕಂಡುಹಿಡೀತೀಯಾ ನೋಡೋಣ ಅಂತ. ಎಷ್ಟು ಕಡಿಮೆ? ಅರ್ಧ ಚಮಚನಾ, ಒಂದಾ? …ನನ್ನನ್ನೇ ಕೇಳ್ತೀಯಲ್ಲ, ಪರೀಕ್ಷೆ ಬರೀತಿರೋಳು ನೀನಾ ನಾನಾ? ಅರ್ಧವಾ? ಸರಿ, ಹಾಕು. ಈಗ ನೋಡು. ಈಗ? …ಪಾಸಾದೆ, ಹೋಗು.

ಹೂಂ, ನಿಜ, ಹೋದ ವರ್ಷ ನಿಮ್ಮ ಭಾವ ಪಾತ್ರೆಗೆ ಚಮಚ ಅದ್ದಿದ್ದಕ್ಕೆ ಸೌಟಿನಿಂದ ಕೈಮೇಲೆ ಕೊಟ್ಟಿದ್ದೆ. ಬಡಿಸೋ ಮುಂಚೆ ಯಾರೂ ರುಚಿ ನೋಡಬಾರದು ಅನ್ನೋದು ನಂದೇ ಕಾನೂನು. ಆದ್ರೆ ಅವರು ಕಲಿಯೋಕೆ ಬಂದೋರಲ್ಲ ಕಣೇ, ಕದಿಯೋಕೆ ಬಂದೋರು. ಕಟ್ಟಿಕೊಂಡ ಗಂಡ ಅಂತ ಕಳ್ಳತನ ಬಿಟ್ಟುಬಿಡೋಕಾಗುತ್ತಾ?

ಹಿಂದಿನ ಒಲೆ ಮೇಲಿರೋದಾ? ಅದು ಹಾಲು. ಸಿಹಿಗೆ. ಎರಡು ಲೀಟರ್ ಇಳಿದು ಒಂದಾಗಬೇಕು. ಟೈಮ್ ನೋಡಿ ಇಡೋಣವಾ? ಗಡಿಯಾರ ಯಾಕೆ? ಇಪ್ಪತ್ತು ವರ್ಷದಿಂದ ಈ ಮನೆಗೆ ನನ್ನ ಮೂಗೇ ಗಡಿಯಾರ. ನೀನೇ ಕಂಡಿದ್ದೀಯಲ್ಲ ಹೋದ ವರ್ಷ! ಚಿಕ್ಕಮಾವ ನನ್ನ ಕಣ್ಣಿಗೆ ಟವೆಲ್ ಕಟ್ಟಿ, ಬಂದವರ ಪಾತ್ರೆಗಳನ್ನೆಲ್ಲ ಸಾಲಾಗಿ ಇಟ್ಟು, ಹಳೇ ಕಂಡಕ್ಟರ್ ಗತ್ತಲ್ಲಿ "ಹೇಳಮ್ಮ ಹೇಳು, ಹೇಳದೆ ಯಾರೂ ಮುಚ್ಚಳ ತೆಗೆಯೋ ಹಾಗಿಲ್ಲ!" ಅಂತ… ಒಂದೂ ತಪ್ಪಲಿಲ್ಲ ತಾನೇ? ನಾದಿನಿ ಪಾತ್ರೆಯಲ್ಲಿ ಇವತ್ತು ಆಲೂಗಡ್ಡೆ, ನಿನ್ನೆ ಮೀನು ಅಂದಾಗ ಅವಳ ಮುಖ ನೋಡಬೇಕಿತ್ತು! ಪಾಪ, ಮೂರು ಸಲ ತೊಳೆದಿದ್ದಳಂತೆ.

ಈ ಸಲನೂ ಆಟ ಇದ್ದೇ ಇದೆ. ಅತ್ತೆಗೆ ಅದೇ ಊಟ, ಮಿಕ್ಕಿದ್ದೆಲ್ಲ ಆಮೇಲೆ. ಪಕ್ಕದ ಮನೆಯವರನ್ನೂ ಕರೆದಿದ್ದಾರಂತೆ, ನೋಡೋಕೆ. ಹ್ಞಾಂ, ಎಲ್ಲರಿಗೂ ಫೋನ್ ಮಾಡಿ ಏನು ತರ್ತೀರಿ ಅಂತ ಕೇಳಿದೆ, ಅದಕ್ಕೇನೀಗ? ಇಬ್ಬರು ಒಂದೇ ತಂದ್ರೆ ಏನು ಮಾಡೋದು? ಅಷ್ಟಕ್ಕೆ ಹಾಗೆ ಹುಬ್ಬೇರಿಸಬೇಡ. ಅಂದಹಾಗೆ ನಿನ್ನ ಆ ನೀಲಿ ಡಬ್ಬಿಯಲ್ಲಿ ಏನಿದೆ? ಹೇಳಲ್ವಾ? ನನಗೂ ಹೇಳಲ್ವಾ? ಒಂದು ಸುಳಿವು… ಸಿಹಿನಾ ಖಾರನಾ ಅಂತಾದರೂ ಹೇಳೇ! ಅಬ್ಬಾ, ಎಂಥ ಗಟ್ಟಿಗಿತ್ತಿ.

ನೋಡು, ನಿನ್ನ ಫೋನ್ ಗುಂಯ್‌ಗುಡ್ತಿದೆ. ನನ್ನ ಮೈದುನನೇ ಇರಬೇಕು. ಅರ್ಧ ಗಂಟೆ ಹೆಂಡತಿ ಕಣ್ಣಿಗೆ ಬೀಳದಿದ್ರೆ ಉಸಿರು ಕಟ್ಟುತ್ತೆ ಅವನಿಗೆ. ತೆಗೆದು ನೋಡು, ನಾಚಿಕೊಳ್ಳಬೇಡ, ನಾನು ಆ ಕಡೆ ತಿರುಗಿರ್ತೀನಿ… ಅವನು ಹೀಗಾಗ್ತಾನೆ ಅಂತ ಯಾರು ಅಂದ್ಕೊಂಡಿದ್ರು! ನನ್ನ ಮದುವೆಯಲ್ಲಿ ಮೂಗು ಸೋರಿಸ್ಕೊಂಡು ನನ್ನ ಸೆರಗಿಗೇ ಒರೆಸಿದ್ದ.

ಅದಿರಲಿ. ಈ ಸೌಟು ನನ್ನ ಕೈಗೆ ಹೇಗೆ ಬಂತು ಗೊತ್ತಾ? ಬರ್ಕೋ, ಇದು ಬರೆಯೋ ವಿಷಯ. ಮದುವೆಯಾಗಿ ಹನ್ನೆರಡನೇ ದಿನ. ಇದೇ ರಜೆ ಊಟ. ಹೊಸ ಸೊಸೆ ಅಂತ ನನ್ನನ್ನ ಹಾಲ್‌ನಲ್ಲಿ ಗೊಂಬೆ ಹಾಗೆ ಕೂರಿಸಿದ್ರು. ಅಡುಗೆಮನೆಯಲ್ಲಿ ಐದು ಜನ ಹೆಂಗಸರು, ಅತ್ತೆಯೂ ಸೇರಿ, ನನ್ನ ಬಗ್ಗೆಯೇ ಮಾತು! ಮೂಗು ಸ್ವಲ್ಪ ದೊಡ್ಡದಾಯ್ತು ಅಂತ. ನನಗೆ ಕೂತಲ್ಲಿಗೇ ವಾಸನೆ ಹೊಡೀತು, ಹಾಲು ಇನ್ನೇನು ತಳ ಹಿಡಿಯುತ್ತೆ ಅಂತ. ಹಿಡಿದಿರಲಿಲ್ಲ ಕಣೇ, ಹಿಡಿಯೋದರಲ್ಲಿತ್ತು! ಎದ್ದವಳೇ ಓಡಿ ಒಲೆ ಆರಿಸಿದೆ. ಐದು ಜನ ಬಾಯಿ ಬಿಟ್ಕೊಂಡು ನಿಂತ್ರು. ಅತ್ತೆ ಸೌಟು ತಂದು ಕೈಗಿಟ್ರು. "ಮೂಗು ಇಷ್ಟು ದೊಡ್ಡದಿದ್ದದ್ದು ಯಾಕೆ ಅಂತ ಈಗ ಗೊತ್ತಾಯ್ತು" ಅಂದ್ರು. ಆವತ್ತು ಕೊಟ್ಟದ್ದನ್ನ ಇವತ್ತಿನವರೆಗೂ ವಾಪಸ್ ಕೇಳಿಲ್ಲ.

ಏನು ನೀನೂ ಮೂಗು ಅರಳಿಸ್ತಿದ್ದೀಯ? ಹೂಂ, ಘಮ್ ಅಂತಿದೆ ಅಲ್ವಾ? ಅದೇ ಹಾಲು. ಸಕ್ಕರೆ ಹಾಕೋಕೆ ಇನ್ನೂ ಹತ್ತು ನಿಮಿಷ ಇದೆ, ವಾಸನೆಯಲ್ಲೇ ಹೇಳ್ತೀನಿ.

…ಯಾಕೆ? ಯಾಕೆ ನಗ್ತಾ ಇಲ್ಲ? ಇಷ್ಟು ಹೊತ್ತು ಕಿಲಕಿಲ ಅಂತಿದ್ದವಳು… ಪೆನ್ನು ಯಾಕೆ ಕೆಳಗಿಟ್ಟೆ? ಎಲ್ಲಿಗೆ ಎದ್ದೆ? ಒಲೆ ಯಾಕೆ ಆರಿಸ್ತೀಯೇ, ಇನ್ನೂ ಹತ್ತು…

ಓ.

ಕಪ್ಪಾಗಿದೆ. ಅಂಚೆಲ್ಲ ಕಪ್ಪಾಗಿದೆ.

ಇಲ್ಲ, ಇವತ್ತು ಸ್ವಲ್ಪ ನೆಗಡಿ… ಹಾಗೆ ನೋಡಬೇಡ. ಏನದು ನಿನ್ನ ಕೈಯಲ್ಲಿ? ಅದು ನನ್ನ ಫೋನಲ್ವಾ… ಏಪ್ರನ್ ಜೇಬಲ್ಲೇ ಬಿಟ್ಟಿದ್ದೆ. ಹಾಗಾದ್ರೆ ಆಗ ಗುಂಯ್‌ಗುಟ್ಟಿದ್ದು ನಾನಿಟ್ಟ ಅಲಾರಂ… ಏನಂತ ಬರೆದಿದೆ ಅದರಲ್ಲಿ? "ಹಾಲು." ಅದರ ಕೆಳಗೆ "ಕೋಳಿ." ಅದರ ಕೆಳಗೆ ಮತ್ತೆ "ಹಾಲು." ಓದಿದೆಯಾ ಎಲ್ಲ?

ಬೈದ್ರೂ ಪರವಾಗಿಲ್ಲ.

…ನಾಲ್ಕು ತಿಂಗಳಾಯ್ತು. ಆ ಜ್ವರ ಬಂತಲ್ಲ, ಅದು ಹೋಗುವಾಗ ಇವನ್ನೂ ಜೊತೆಗೆ ಕರ್ಕೊಂಡು ಹೋಯ್ತು. ಮೂಗೂ ಇಲ್ಲ, ನಾಲಿಗೆಯೂ ಇಲ್ಲ. ಈರುಳ್ಳಿ ಹೆಚ್ಚಿದ್ರೆ ಕಣ್ಣೀರು ಬರುತ್ತೆ, ವಾಸನೆ ಬರಲ್ಲ. ಡಾಕ್ಟರು ಕಾದು ನೋಡಿ ಅಂದ್ರು. ಕಾಯ್ತಾ ತಕ್ಕಡಿ ತಂದೆ. ನಿಮ್ಮ ಭಾವನಿಗೂ ಗೊತ್ತಿಲ್ಲ. ಅವರು ಊಟ ಮಾಡುವಾಗ ಮುಖ ನೋಡ್ತಾ ಕೂರ್ತೀನಿ, ಇವಳಿಗೆ ಈಗ ನನ್ನ ಮೇಲೆ ಪ್ರೀತಿ ಜಾಸ್ತಿಯಾಗಿದೆ ಅಂದ್ಕೊಂಡಿದ್ದಾರೆ, ಪಾಪ. ಅತ್ತೆಗೆ ಗೊತ್ತಾದ್ರೆ ಬೈಯಲ್ಲ ಕಣೇ. ಬೈದ್ರೆ ತಡ್ಕೋಬಹುದು. ಪ್ರೀತಿಯಿಂದ "ಸುಸ್ತಾಗಿದ್ದೀಯ, ಹಾಲ್‌ನಲ್ಲಿ ಕೂತ್ಕೋಮ್ಮ" ಅಂತಾರೆ. ಮತ್ತೆ ಗೊಂಬೆ. ನೀನು ಆ ಪುಸ್ತಕ ಹಿಡ್ಕೊಂಡು ಬಂದಾಗ… ಸತ್ಯ ಹೇಳ್ತೀನಿ, ಸೌಟು ತಗೊಂಡು ಹೋಗೋಕೇ ಬಂದೆ ಅಂದ್ಕೊಂಡೆ.

ಏನು ಮಾಡ್ತಿದ್ದೀಯ? ಡಬ್ಬಿ ಯಾಕೆ ನನ್ನ ಮುಂದೆ ಇಡ್ತೀಯ? ಮುಚ್ಚಳ ತೆಗೀಬೇಡ, ಅದು ಸಂಜೆ…

ಏನಂದೆ? ಕಿತ್ತಳೆ ಸಿಪ್ಪೆ ಹಾಕಿದ ಕೇಕು.

ಸರಿ. ಕಿತ್ತಳೆ ಸಿಪ್ಪೆ. ಸಂಜೆ ಕಣ್ಣು ಕಟ್ಟಿದಾಗ ಮರೆಯಲ್ಲ.

ತಡಿ, ಹಾಲಿನ ತಳ ಕೆದಕಬೇಡ! ಮೇಲಿನದನ್ನಷ್ಟೇ ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸು. ಹಾಂ, ಹಾಗೆ, ಸಾಕು, ಅಷ್ಟೇ. ಕಿಟಕಿ ತೆಗಿ. ಈಗ ಚಮಚ ತಗೋ. ಇಲ್ಲ ಕಣೇ, ಈ ಸಲ ಪರೀಕ್ಷೆ ಅಲ್ಲ. ಹೇಳು… ಸೀದ ವಾಸನೆ ಬರ್ತಿದೆಯಾ?