ಇನ್ನರ್ಧ ಗಂಟೆ ಕತ್ತಲು

ದೀಪ ಸಣ್ಣದು ಮಾಡಿ ಹತ್ರ ಬನ್ನಿ. ಇದು ಕಟ್ಟಿದ ಕತೆ ಅಲ್ಲ, ನಮ್ಮ ಪಕ್ಕದ ಮನೆ ಹುಡುಗಿಗೆ ಆದದ್ದು.

ಅವತ್ತು ರಾತ್ರಿ ಅವಳು ಲ್ಯಾಬಿನ ಕೆಲಸ ಮುಗಿಸಿ ಮನೆಗೆ ಹೊರಟಿದ್ದಳು. ಲ್ಯಾಬಿನ ಹಿಂದೆ ಹಳೇ ಬಾವಿ. ಅದನ್ನ ದಾಟುವಾಗ... ಕಿರ್ರ್... ಕಿರ್ರ್... ರಾಟೆ ತಿರುಗೋ ಸದ್ದು. ತಿರುಗಿ ನೋಡಿದರೆ ರಾಟೆಗೆ ಹಗ್ಗವೇ ಇಲ್ಲ. ಹಗ್ಗ ಬಿಚ್ಚಿಟ್ಟು ಅವತ್ತಿಗೆ ಸರಿಯಾಗಿ ಒಂದು ವರ್ಷ. ಅವಳಪ್ಪ ತೀರಿಹೋಗಿಯೂ ಅಷ್ಟೇ. ಅಪ್ಪ ಅಲ್ಲಿ ಮಾಲಿ. ಆ ಬಾವಿ ನೀರು ಸೇದಿ, ಮಗಳು ಲ್ಯಾಬಲ್ಲಿ ಮಾಡೋ ಪರೀಕ್ಷೆಗೆ ಬೇಕಾದ ಗಿಡಗಳನ್ನ ಸಾಕ್ತಿದ್ದವನು ಅವನೇ.

ಎಂಥ ಪರೀಕ್ಷೆ ಅಂತೀರಾ? ಎಲೆ ಬಿಸಿಲು ಕುಡಿದು ಬದುಕುತ್ತಲ್ಲ, ಅದನ್ನ ಕತ್ತಲಲ್ಲಿಟ್ಟರೆ ಕುಡಿದ ಬೆಳಕಲ್ಲಿ ಒಂದು ತೊಟ್ಟು ವಾಪಸ್ ಬಿಡುತ್ತಂತೆ. ನಮ್ಮ ಕಣ್ಣಿಗೆ ಕಾಣಲ್ಲ. ಮೆಷಿನ್ನು ಎಣಿಸುತ್ತೆ... ಟಿಕ್... ಟಿಕ್... ಕಾಗದದ ಮೇಲೆ ಗೆರೆ ಎಳೆಯುತ್ತೆ. ನೀರಿಲ್ಲದೆ, ಇಲ್ಲಾ ಉಪ್ಪುನೀರು ಕುಡಿದು ಬಳಲಿದ ಗಿಡದ ಎಲೆಯ ಗೆರೆಯೇ ಬೇರೆ. ಆದರೆ ಹೊರಗಿನ ಬೆಳಕು ಕೂದಲೆಳೆಯಷ್ಟು ನುಗ್ಗಿದರೂ ಸಾಕು, ಮೆಷಿನ್ನು ಟರ್ರ್ ಅಂತ ಕೂಗಿ, ಗೆರೆ ಕಾಗದದ ನೆತ್ತಿಗೆ ಹಾರುತ್ತೆ. ದಿನದ ಕೆಲಸವೆಲ್ಲ ಮಣ್ಣುಪಾಲು.

"ಗಿಡಕ್ಕೆ ಬಾಯಾರಿದ್ರೆ ಅಷ್ಟು ದೊಡ್ಡ ಮೆಷಿನ್ನು ಹೇಳ್ಬೇಕೇನೇ? ನನ್ನ ಕೇಳು, ಪುಕ್ಕಟೆ ಹೇಳ್ತೀನಿ," ಅಂತ ಅಪ್ಪ ಛೇಡಿಸ್ತಿದ್ದ.

ತೀರಿಹೋದ ದಿನವೂ ಬಂದು ಬಾಗಿಲು ತಟ್ಟಿದ್ದ. ಟಕ್, ಟಕ್.

"ಆಯ್ತಾ ಪುಟ್ಟೀ?"

"ಬಾಗಿಲು ತೆಗೀಬೇಡಪ್ಪಾ! ಇನ್ನರ್ಧ ಗಂಟೆ ಕತ್ತಲಿರಬೇಕು."

"ಆಗ್ಲಿ... ಇಲ್ಲೇ ಕೂತಿರ್ತೀನಿ."

ಅವಳು ಹೊರಗೆ ಬಂದಾಗ ಅಪ್ಪ ಬೆಂಚಿನ ಮೇಲೆ ಗೋಡೆಗೊರಗಿದ್ದ. ಕೈ ಎದೆ ಮೇಲೆ. ಮೈ ಆಗಲೇ ತಣ್ಣಗೆ. ಅಷ್ಟು ನೋವಲ್ಲೂ ಒಂದು ಸಲ ಕೂಗಿರಲಿಲ್ಲ ಪುಣ್ಯಾತ್ಮ. ಹೆಗಲ ಟವೆಲ್ಲನ್ನ ಮಡಚಿ ಬಾಗಿಲ ಕೆಳಗಿನ ಸಂದಿಗೆ ಒತ್ತಿಟ್ಟಿದ್ದ, ಕಾರಿಡಾರಿನ ಬೆಳಕು ಒಳಗೆ ಹೋಗದಿರಲಿ ಅಂತ.

ಈಗ ಆ ರಾಟೆ ಸದ್ದು ಕೇಳಿದ ಮೇಲೆ ಮನೆ ಕಡೆ ಅವಳ ಕಾಲೇ ಏಳಲಿಲ್ಲ. ಲ್ಯಾಬಿಗೆ ವಾಪಸ್ ಹೋದಳು. ಅಪ್ಪ ನೆಟ್ಟಿದ್ದರಲ್ಲಿ ಉಳಿದಿದ್ದು ಒಂದೇ ಗಿಡ. ಅದರ ಎಲೆ ಮೆಷಿನ್ನಿಗಿಟ್ಟು ಬಾಗಿಲು ಹಾಕಿದಳು. ಟಿಕ್... ಟಿಕ್...

ಟಕ್, ಟಕ್.

"ಆಯ್ತಾ... ಪುಟ್ಟೀ?"

"ಬಂದೆ ಅಪ್ಪಾ! ಬಂದೆ!"

ಮೆಷಿನ್ನು, ಗೆರೆ ಎಲ್ಲ ಹಾಳಾಗಿ ಹೋಗಲಿ ಅಂತ ಬಾಗಿಲನ್ನ ಪೂರ್ತಿ ತೆರೆದುಬಿಟ್ಟಳು.

ಬೆಂಚು ಖಾಲಿ. ಮೇಲೆ ಟ್ಯೂಬ್‌ಲೈಟು ಝುಂಯ್ ಅಂತ ಉರೀತಿತ್ತು. ಹೊಸ್ತಿಲಲ್ಲೇ ಕುಸಿದು, "ಅವತ್ತೂ ತೆಗೀಬೇಕಿತ್ತಪ್ಪಾ... ತೆಗೀಬೇಕಿತ್ತು," ಅಂತ ಅರ್ಧ ಗಂಟೆ ಅತ್ತಳು. ಬಾಗಿಲು ತೆರೆದೇ ಇತ್ತು. ಒಳಗೆ... ಟಿಕ್... ಟಿಕ್... ಅಷ್ಟೇ. ಮೆಷಿನ್ನು ಕೂಗಲಿಲ್ಲ.

ಕೆಟ್ಟಿರಬೇಕು ಅಂದ್ರು ಜೊತೆ ಕೆಲಸದವರು. ಬೆಳಿಗ್ಗೆ ಬಾಗಿಲನ್ನ ಬೆರಳಷ್ಟು ಸರಿಸಿ ನೋಡಿದ್ರು. ಟರ್ರ್... ಕಿವಿ ಕಿತ್ತುಹೋಗೋ ಹಾಗೆ ಕೂಗ್ತು.

ಆ ರಾತ್ರಿಯ ಕಾಗದ ಇನ್ನೂ ಅವಳ ಹತ್ರ ಇದೆ. ಸುಳ್ಳಲ್ಲ, ಈ ಕಣ್ಣಿಂದ ನಾನೇ ನೋಡಿದ್ದೀನಿ. ಗೆರೆ, ಈ ತುದಿಯಿಂದ ಆ ತುದಿವರೆಗೆ... ಎಲ್ಲೂ ಮೇಲೆ ಎದ್ದಿಲ್ಲ.