ಹೊನ್ನವ್ವ ತೊಳೆದ ಕಲ್ಲುಗಳು

ಹಾನಗಲ್ಲಿನ ಹಿರಿಯರೇ, ತಾಯಂದಿರೇ, ಮುಂದೆ ಕುಳಿತಿರುವ ಮಾಸ್ತರರ ಧರ್ಮಪತ್ನಿ ಹೊನ್ನವ್ವ ಅವರೇ — ಎಲ್ಲರಿಗೂ ಶರಣು. ನಮ್ಮನ್ನು ಅಗಲಿದ ನೀಲಪ್ಪ ಮಾಸ್ತರರೂ ನಾನೂ ಒಂದೇ ಹೈಸ್ಕೂಲಿನಲ್ಲಿ ಪಾಠ ಹೇಳಿದವರು. ಅವರು ವಿಜ್ಞಾನ, ನಾನು ಕನ್ನಡ. ಈ ವಾರವೆಲ್ಲ ಓಡಾಡಿ ದಣಿದಿದ್ದೇನೆ. ಹೆಚ್ಚು ಮಾತಾಡುವ ತ್ರಾಣ ಇಲ್ಲ.

ಮಾಸ್ತರರಿಗೆ ಕಲ್ಲಿನ ಹುಚ್ಚು — ನಿಮಗೆ ಗೊತ್ತಿದ್ದದ್ದೇ. ಬಾವಿ ತೋಡುವಾಗ ಕರಿಕಲ್ಲು ಹತ್ತಿದರೆ ಮೊದಲ ತುಂಡು ಅವರ ಮನೆಗೆ ಮುಟ್ಟಬೇಕು. ಈ ಸೀಮೆಯ ರೂಢಿಯೇ ಆಗಿತ್ತು. ಹೋದ ವರ್ಷ, ಯುದ್ಧದಿಂದ ಸೀಮೆಎಣ್ಣೆಯೂ ಸಿಗದ ಕಾಲದಲ್ಲಿ, ಅಂಥ ಒಂದು ತುಂಡನ್ನು ಧಾರವಾಡಕ್ಕೆ ಒಯ್ದು, ತೆಳ್ಳಗೆ ಅರೆಸಿ, ಸೂಕ್ಷ್ಮದರ್ಶಕದಲ್ಲಿ ನೋಡಿಬಂದರು. ಬಸ್ಸಿನಿಂದ ಇಳಿದವರೇ ನನ್ನ ಕೈ ಹಿಡಿದರು — ಹೀಗೆ, ಬಿಗಿಯಾಗಿ.

"ಪೈರಾಕ್ಸೀನ್ ಅಂದ್ರ ಖನಿಜದಾಗ ದೊಡ್ಡ ಮನೆತನರಿ. ಅದರಾಗ ಎರಡು ಕವಲು. ಸುಣ್ಣದ ಅಂಶ ಇರೋ ಆಗೈಟ್ ಬೇಕಾದಲ್ಲಿ ಸಿಗತೈತಿ. ಅದನ್ನ ಸೂಕ್ಷ್ಮದರ್ಶಕದ ಕೆಳಗ ತಿರುಗಿಸಿದ್ರ ಓರೆಯಾದಾಗ ಕಪ್ಪಾಗತೈತಿ. ನಮ್ಮ ಕಲ್ಲಿನಾಗಿಂದು ನೆಟ್ಟಗ ನಿಂತಾಗ ಕಪ್ಪಾತು! ಇದಕ್ಕ ಕಬ್ಬಿಣ, ಮ್ಯಾಗ್ನೇಶಿಯಂ ಇದ್ರ ಸಾಕು, ಸುಣ್ಣ ಇಲ್ಲಂದ್ರೂ ನಡೀತೈತಿ. ಆರ್ಥೋಪೈರಾಕ್ಸೀನ್!"

ನನಗೆ ಅರ್ಧ ತಿಳಿಯಿತು. ಅವರ ಸಂತೋಷ ಪೂರ್ತಿ ತಿಳಿಯಿತು. ಆ ಬಾವಿಗೆ ಮತ್ತೆ ಹೋಗಬೇಕು, ಕಲ್ಲು ಎಲ್ಲಿಯವರೆಗೆ ಹಾಸಿದೆ ನೋಡಬೇಕು ಎನ್ನುತ್ತಿದ್ದರು. ಅಷ್ಟರಲ್ಲಿ ಹಿಡಿದ ಜ್ವರ ಅವರನ್ನು ಬಿಡಲಿಲ್ಲ.

ಮಣ್ಣು ಕೊಟ್ಟ ಮರುದಿನ, ಮಾತಾಡಿಸಲು ಬರುವವರಿಗೆ ಚೆನ್ನಾಗಿ ಕಾಣಲೆಂದು ಹೊನ್ನವ್ವ ಕಲ್ಲುಗಳನ್ನೆಲ್ಲ ಅಂಟವಾಳದಿಂದ ತೊಳೆದು ವಿಭೂತಿ ಹಚ್ಚಿದರು. ಊರು, ಬಾವಿಯ ಹೆಸರು ಬರೆದು ಗಂಜಿಯಿಂದ ಅಂಟಿಸಿದ್ದ ಚೀಟಿಗಳು — ಹೋದವು. ಎಲ್ಲವೂ ಹೋದವು. ಧಾರವಾಡಕ್ಕೆ ಒಯ್ದಿದ್ದ ಆ ಕಲ್ಲು ಇವುಗಳಲ್ಲಿ ಯಾವುದು, ಯಾವ ಬಾವಿಯದು, ಹೇಳುವವರಿಲ್ಲ.

"ಗಂಡನ ದುಡಿಮಿ ತೊಳದು ಚೆಲ್ಲಿದ್ಲು" ಎಂದು ಊರಲ್ಲಿ ಕೆಲವರು ಆಡಿಕೊಂಡರಂತೆ. ಸಿಟ್ಟು ಬರುತ್ತದೆ — ಸಿಟ್ಟಿಗೂ ಶಕ್ತಿ ಬೇಕಲ್ಲ. ಆ ಮಾತು ಕೇಳಿದಾಗಿನಿಂದ ಆಕೆ ಸರಿಯಾಗಿ ಉಂಡಿಲ್ಲ. ನಿನ್ನೆ ನನ್ನನ್ನು ಕೇಳಿದರು: "ಮಾಸ್ತರ, ಆ ಕಲ್ಲಿನ ಹೆಸರಾದ್ರೂ ಹೇಳ್ರಿ. ನಾ ಏನು ಕಳದೇನಿ ಅಂತ ತಿಳೀಲಿ." ಹೇಳಿದೆ. ತಡವರಿಸಿ, ತಡವರಿಸಿ, ಕೊನೆಗೆ ಸರಿಯಾಗಿ ಅಂದರು — ಆರ್ಥೋಪೈರಾಕ್ಸೀನ್.

ಅಕ್ಕಾರ, ಕಲ್ಲಿನ ಜಾತಿ ಕಲ್ಲಿನೊಳಗೇ ಇದೆ, ತೊಳೆದರೆ ಹೋಗುವುದಲ್ಲ. ಧಾರವಾಡದಲ್ಲಿ ಮತ್ತೆ ನೋಡಿದರೆ ಸಿಕ್ಕೀತು. ಯಾವ ಬಾವಿಯದು ಎಂಬುದು ಬಹುಶಃ ಸಿಗಲಿಕ್ಕಿಲ್ಲ. ಸುಳ್ಳು ಸಮಾಧಾನ ನನ್ನಿಂದ ಆಗದು. ಆದರೆ ಅವರ ಕಲ್ಲುಗಳನ್ನು ಅಷ್ಟು ಅಕ್ಕರೆಯಿಂದ ಮುಟ್ಟಿದವರು ನಮ್ಮಲ್ಲಿ ಬೇರೆ ಯಾರೂ ಇಲ್ಲ.

ಬಾಂಧವರೇ, ನೀಲಪ್ಪ ಮಾಸ್ತರರಿಗಾಗಿ ಒಂದು ಗಳಿಗೆ ಸುಮ್ಮನೆ ನಿಲ್ಲೋಣ — ಏಳ್ರಿ. ಅಕ್ಕಾರ, ನೀವು ಏಳಬ್ಯಾಡ್ರಿ, ಕುಂತ ಇರ್ರಿ. ನಾವು ನಿಮ್ಮ ಸಲುವಾಗಿನೂ ಎದ್ದು ನಿಂತೇವಿ.